ಇಲ್ಲಿಂದ ಮುಂದೆ ಗಾಳಿ

ಮಾರ್ಚ್ 3, ಸೋಮವಾರ

ಇಂದು ಬೆಳಿಗ್ಗೆ ನನಗೆ ಸಚಿವ ಪದವಿ ಸಿಕ್ಕಿತು. ಖಾತೆ: ರೇಲಿಂಗ್. ಪ್ರಮಾಣವಚನ ಬೋಧಿಸಿದವರು ಅಪ್ಪ. ಸ್ಥಳ: ಅಡುಗೆಮನೆಯ ಬಾಗಿಲು. ಅಳತೆ ಟೇಪನ್ನು ನನ್ನ ಕೈಗೆ ಹಾಕಿ, "ನೀನೇ ನೋಡ್ಕೋ, ನನ್ನ ಕೈಲಾಗಲ್ಲ" ಎಂದು ಹೇಳಿ ಒಳಗೆ ಹೋಗಿ ಮಲಗಿದರು. ಚಪ್ಪಾಳೆ ಇರಲಿಲ್ಲ.

ಪದವಿ ಬರಲು ಕಾರಣ ನಾನೇ ಬರೆದ ಒಂದು ಫಲಕ. ನಾನು ಕೆಲಸ ಮಾಡುವುದು ಬೋರ್ಡ್ ಬರೆಯುವ ಅಂಗಡಿಯಲ್ಲಿ. ಹೋದ ವಾರ ಮಿಕ್ಕಿದ ತಗಡಿನ ತುಂಡಿನ ಮೇಲೆ ಒಳ್ಳೆಯ ಅಕ್ಷರದಲ್ಲಿ ಹೀಗೆ ಬರೆದೆ: "ಇಲ್ಲಿಂದ ಮುಂದೆ ಗಾಳಿ. ಕಾಲಿಡುವವರು ಸ್ವಂತ ಜವಾಬ್ದಾರಿಯ ಮೇಲೆ ಕಾಲಿಡತಕ್ಕದ್ದು. ಅಪ್ಪಣೆ ಮೇರೆಗೆ, ಆಡಳಿತ ಮಂಡಳಿ." ನಮ್ಮ ಮಹಡಿಯ ಬಾಲ್ಕನಿಗೆ ರೇಲಿಂಗ್ ಇಲ್ಲ, ಅಡ್ಡಲಾಗಿ ಒಂದು ಬಿದಿರಿನ ಗಳ ಕಟ್ಟಿದ್ದೇವೆ. ಫಲಕವನ್ನು ಅದಕ್ಕೆ ತೂಗುಹಾಕಿದ್ದೆ.

ನಿನ್ನೆ ಬೀಗರು, ಅಂದರೆ ಅತ್ತಿಗೆಯ ತಂದೆ, ಮೊಮ್ಮಗಳನ್ನು ನೋಡಲು ಬಂದವರು ಮಹಡಿ ಹತ್ತಿ ಅದನ್ನು ಓದಿದರು. ಎರಡು ಸಲ ಓದಿದರು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಷರ ಚೆನ್ನಾಗಿದೆ" ಎಂದರು. ಕೆಳಗೆ ಬಂದು ಅಪ್ಪನ ಎದುರು ಕೂತು ಮಾತಾಡಿದ್ದು ಬೇರೆ ದನಿಯಲ್ಲಿ.

"ಬೀಗರೇ, ಈ ತಿಂಗಳ ಕೊನೇ ಭಾನುವಾರ ಮತ್ತೆ ಬರ್ತೀನಿ. ಮೆಟ್ಟಿಲಿಗೂ ಬಾಲ್ಕನಿಗೂ ರೇಲಿಂಗ್ ಆಗಿರ್ಲಿ. ಆಗಿಲ್ಲಾಂದ್ರೆ ಮಗಳನ್ನೂ ಮೊಮ್ಮಗಳನ್ನೂ ಕರ್ಕೊಂಡು ಹೋಗ್ತೀನಿ. ಒಂದು ಜೀವ ಹೋಗಿದ್ದು ಸಾಕು."

ಅಪ್ಪ "ಆಯ್ತು" ಅಂದರು. ಈಗ ಅಪ್ಪ ಎಲ್ಲದಕ್ಕೂ ಆಯ್ತು ಅನ್ನುತ್ತಾರೆ.

ಹೋದ ಜೀವ ನನ್ನ ಅಣ್ಣ. ಜನವರಿಯಲ್ಲಿ, ಆಫೀಸಿನ ಕುರ್ಚಿಯಲ್ಲಿ ಕೂತವನು ಏಳಲಿಲ್ಲ. ಹೃದಯ ಅಂತ ಡಾಕ್ಟರು ಹೇಳಿದರು. ಮಹಡಿ ಕಟ್ಟಿಸುತ್ತಿದ್ದವನು ಅವನು, ತನಗೆ, ಅತ್ತಿಗೆಗೆ, ಮಗಳಿಗೆ ಅಂತ. ಗೋಡೆ ಮುಗಿದಿತ್ತು. ನೆಲ ಅವನು ಹೋದ ಮೇಲೆ ಆಯಿತು. ಹಾಲಿನಿಂದ ಮೇಲೆ ಹೋಗುವ ಮೆಟ್ಟಿಲಿಗೆ ಒಂದು ಕಡೆ ಗೋಡೆ, ಇನ್ನೊಂದು ಕಡೆ ಏನೂ ಇಲ್ಲ. ಮಗು ಈಗ ನಡೆಯುತ್ತದೆ. ನಡೆಯುವುದು ಒಂದೇ ದಿಕ್ಕಿಗೆ, ಮೆಟ್ಟಿಲ ಕಡೆಗೆ. ಅಡ್ಡಕ್ಕೆ ಇಸ್ತ್ರಿ ಮಾಡುವ ಮೇಜು ಮಲಗಿಸಿದ್ದೇವೆ.

ಫಲಕ ಬಿಚ್ಚಿಟ್ಟೆ. ನನಗೆ ಬೇಜಾರಾಗಬೇಕಿತ್ತು. ಆಗಲಿಲ್ಲ. ಅದೊಂದೇ ಅಲ್ಲ, ಜನವರಿಯಿಂದ ಏನೂ ಆಗುತ್ತಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಹಾಕಿದಾಗ ಕೆನ್ನೆ ಇರುತ್ತದಲ್ಲ, ಹಾಗೆ.


ಮಾರ್ಚ್ 5, ಬುಧವಾರ

ಸಚಿವರ ಮೊದಲ ಪ್ರವಾಸ. ರೇಲಿಂಗ್ ಶೋರೂಮಿಗೆ ಹೋಗುವ ಮುನ್ನ ಮಾನ್ಯ ಅಧ್ಯಕ್ಷರ ತಲೆಯ ಅಳತೆ ತೆಗೆದುಕೊಂಡೆ. ಅಧ್ಯಕ್ಷರು ಎಂದರೆ ಅಣ್ಣನ ಮಗಳು. ಮನೆಯಲ್ಲಿ ಎಲ್ಲ ತೀರ್ಮಾನವೂ ಅವಳ ಅಳುವಿನ ಮೇಲೆ ಆಗುವುದರಿಂದ ಬೇರೆ ಹೆಸರು ಹೊಂದುವುದಿಲ್ಲ. ಅಮ್ಮನ ಹೊಲಿಗೆ ಟೇಪು ತಲೆಗೆ ಸುತ್ತಿದಾಗ ಅಧ್ಯಕ್ಷರು ಅದರ ತುದಿಯನ್ನು ತಿಂದರು. ಆಮೇಲೆ ಅಡುಗೆಮನೆಯಲ್ಲಿ ಹುಡುಕಿ ಅದೇ ಸುತ್ತಳತೆಯ ಒಂದು ಸ್ಟೀಲ್ ಡಬ್ಬಿ ಆರಿಸಿದೆ. ಒಳಗಿದ್ದ ಸಕ್ಕರೆ ಬೇರೆ ಕಡೆ ಸುರಿದೆ.

ಶೋರೂಮಿನಲ್ಲಿ ಮೆಟ್ಟಿಲೇ ಇಲ್ಲದ ರೇಲಿಂಗುಗಳು ಸಾಲಾಗಿ ನಿಂತಿದ್ದವು, ಎಲ್ಲಿಗೆ ಹೋಗಬೇಕೆಂದು ಮರೆತವರ ಹಾಗೆ. ಮಾರಾಟದವನು ಟೈ ಕಟ್ಟಿದ್ದ.

"ಕನ್ನಡಿ ಹೊಳಪು ಬೇಕಾ ಸರ್, ಮಂಕು ಬೇಕಾ?"

"ವ್ಯತ್ಯಾಸ ಏನು?"

"ಹೊಳಪಿನದ್ರಲ್ಲಿ ಮುಖ ಕಾಣತ್ತೆ. ಮಂಕಿನದ್ರಲ್ಲಿ ಕೈ ಗುರುತು ಕಾಣಲ್ಲ."

"ನಮ್ಮನೇಲಿ ಯಾರಿಗೂ ಮುಖ ನೋಡ್ಕೊಳೋ ಆಸೆ ಇಲ್ಲ. ಮಂಕಿರ್ಲಿ."

ಅವನು ಬರೆದುಕೊಂಡ. ನಾನು ಡಬ್ಬಿ ತೆಗೆದು ಒಂದೊಂದು ರೇಲಿಂಗಿನ ಸರಳುಗಳ ನಡುವೆ ತೂರಿಸಿ ನೋಡತೊಡಗಿದೆ. ಮೊದಲನೆಯದರಲ್ಲಿ ಆರಾಮಾಗಿ ಆಚೆ ಹೋಯಿತು. ಎರಡನೆಯದರಲ್ಲಿ ಸಿಕ್ಕಿಹಾಕಿಕೊಂಡಿತು, ಅದು ಇನ್ನೂ ಕೆಟ್ಟದ್ದು.

"ಅದೇನು ಸರ್ ಡಬ್ಬಿ?"

"ನಮ್ಮ ಅಧ್ಯಕ್ಷರ ತಲೆ."

ಅವನು ಡಬ್ಬಿಯಿಂದ ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಗಾಜಿನ ವಿಭಾಗಕ್ಕೆ ಕರೆದುಕೊಂಡು ಹೋದ. ಹದ ಮಾಡಿದ ಗಾಜಂತೆ, ಟಫನ್ಡ್. ಒಡೆದರೆ ಚೂಪು ಚೂರಾಗುವುದಿಲ್ಲ, ಕಲ್ಲುಸಕ್ಕರೆಯ ಹಾಗೆ ಉದುರುತ್ತದಂತೆ. ಹದ ಮಾಡಿದ ಮೇಲೆ ಕತ್ತರಿಸುವ ಹಾಗಿಲ್ಲ, ತೂತು ಕೊರೆಯುವ ಹಾಗಿಲ್ಲ.

"ಇದನ್ನ ಹಾಕಿದ್ರೆ ಸರ್, ಬಾಲ್ಕನೀಲಿ ಏನೂ ಇಲ್ದೇ ಇರೋ ಥರ ಕಾಣತ್ತೆ."

"ಆ ಮಾಲು ಸದ್ಯಕ್ಕೆ ನಮ್ಮ ಹತ್ರ ಪುಕ್ಕಟೆ ಇದೆ" ಎಂದೆ.

ಅವನು ನಕ್ಕ. ನಾನು ನಗುವ ಮುಖ ಮಾಡಿದೆ. ಹೊಳಪಿನ ಸ್ಟೀಲಿನಲ್ಲಿ ಅದು ಕಂಡಿತು. ಪರವಾಗಿರಲಿಲ್ಲ, ನೋಡಿದವರಿಗೆ ಗೊತ್ತಾಗುವುದಿಲ್ಲ.


ಮಾರ್ಚ್ 8, ಶನಿವಾರ

ಏನೂ ಆಗಲಿಲ್ಲ. ಆಗಿದ್ದರೆ ನನ್ನ ಗಮನಕ್ಕೆ ಬಂದಿಲ್ಲ. ಊಟ ಮಾಡಿದೆಯಾ ಅಂತ ಅಮ್ಮ ಕೇಳಿದಳು. ತಟ್ಟೆ ನೋಡಿ ಹೇಳಿದೆ, ಮಾಡಿದ್ದೇನೆ ಅಂತ.


ಮಾರ್ಚ್ 12, ಬುಧವಾರ

ಮಧ್ಯಾಹ್ನ ಗಾಜಿನ ಕಾರ್ಖಾನೆಯ ವ್ಯಾನು ಬಂದು ಮನೆ ಮುಂದೆ ನಿಂತಿತು. ಡ್ರೈವರು ಇಳಿದು ಅಣ್ಣನ ಹೆಸರು ಕೂಗಿದ.

ಡಿಸೆಂಬರಿನಲ್ಲೇ ಅಣ್ಣ ಬಾಲ್ಕನಿಗೆ ಗಾಜು ಹೇಳಿಬಂದಿದ್ದನಂತೆ. ಯಾರಿಗೂ ಹೇಳಿರಲಿಲ್ಲ. ಹಾಗೆ ಅವನು, ಏನಾದರೂ ತಂದು ಎದುರಿಗಿಟ್ಟ ಮೇಲೆಯೇ ಬಾಯಿ ಬಿಡುವವನು.

"ಸಾರ್ ಇಲ್ವಾ?"

"ಹೊರಗೆ ಹೋಗಿದಾರೆ" ಎಂದೆ.

ನಾಲ್ಕು ಹಲಗೆ, ನಡುನಡುವೆ ಥರ್ಮೊಕೋಲು. ಕೆಳ ಅಂಚಿನಲ್ಲಿ ತೂತುಗಳನ್ನು ಆಗಲೇ ಕೊರೆದು ಹದ ಮಾಡಿದ್ದರು. ಡ್ರೈವರು ಮತ್ತು ನಾನು ಒಂದೊಂದನ್ನೇ ಮೇಲೆ ಹೊತ್ತು ಗೋಡೆಗೆ ಒರಗಿಸಿದೆವು. ವ್ಯಾನು ಹೋದ ಮೇಲೆ ಅಮ್ಮ ಒದ್ದೆ ಬಟ್ಟೆ ತಂದು ಗಾಜು ಒರೆಸಲು ಕೂತಳು. ಧೂಳು ಇರಲಿಲ್ಲ. ಆದರೂ ಒರೆಸಿದಳು.

"ಇದೇ ಹಾಕ್ಬೇಕು" ಎಂದಳು. "ಬೇರೆ ಏನೂ ನೋಡೋದು ಬೇಡ ನೀನು."

ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಗಾಜಿನ ಮೂಲಕ ಅಮ್ಮನನ್ನು ನೋಡಿದರು. ಆಮೇಲೆ ಮಗುವಿಗೆ ಸ್ನಾನ ಮಾಡಿಸಲು ಕೆಳಗೆ ಹೋದರು.


ಮಾರ್ಚ್ 14, ಶುಕ್ರವಾರ

ರೇಲಿಂಗ್ ಕೂರಿಸುವ ವೆಲ್ಡರ್ ಬಂದ. ಇವನನ್ನು ಬೀದಿಯವರೆಲ್ಲ "ನಾಳೆ" ಎಂದೇ ಕರೆಯುತ್ತಾರೆ. ಯಾವಾಗ ಬರ್ತೀಯಪ್ಪ ಎಂದರೆ ಅವನ ಉತ್ತರ ಅದೊಂದೇ. ಅವನಿಗೂ ಆ ಹೆಸರು ರೂಢಿಯಾಗಿದೆ, ಫೋನ್ ಎತ್ತಿ "ಹಲೋ, ನಾಳೆ ಮಾತಾಡ್ತಿರೋದು" ಅನ್ನುತ್ತಾನೆ. ಅವನ ಶೆಡ್ಡಿಗೆ "ಇಲ್ಲಿ ನಾಳೆ ಸಿಗುತ್ತದೆ" ಎಂದು ಒಂದು ಬೋರ್ಡ್ ಬರೆದುಕೊಟ್ಟಿದ್ದೆ. ಬೈಯುತ್ತಾನೆ ಎಂದುಕೊಂಡಿದ್ದರೆ ಹೆಮ್ಮೆಯಿಂದ ತೂಗುಹಾಕಿದ್ದಾನೆ. ತಮಾಷೆ ಮಾಡುವವರಿಗೆ ಇಂಥವರಿಂದ ಬಹಳ ನಷ್ಟ.

ನಾಳೆ ಗಾಜು ನೋಡಿದ, ಬಾಲ್ಕನಿಯ ಅಂಚು ನೋಡಿದ, ಟೇಪು ಹಿಡಿದ, ತಲೆ ಕೆರೆದುಕೊಂಡ.

"ಗಾಜು ಕುಳ್ಳಾಯ್ತಲ್ಲಪ್ಪ."

ವಿಷಯ ಇಷ್ಟು. ಅಣ್ಣ ಆರಿಸಿದ್ದು ಕಂಬವೇ ಇಲ್ಲದ ಬಗೆ. ಗಾಜನ್ನು ಬಾಲ್ಕನಿಯ ಕಾಂಕ್ರೀಟು ಹಾಸಿನ ಹೊರ ಮುಖಕ್ಕೆ ಬೋಲ್ಟು ಹಾಕಿ ಬಿಗಿಯುವುದು, ಅದು ಅಲ್ಲಿಂದ ಮೇಲಕ್ಕೆ ಎದ್ದು ನಿಲ್ಲುವುದು, ಅಷ್ಟೇ. ಅವನು ಅಳೆದಾಗ ನೆಲ ಬರೀ ಕಾಂಕ್ರೀಟು. ಆಮೇಲೆ ಗಾರೆಯವನು ಬಂದು ದಪ್ಪ ಕಲ್ಲು ಹಾಸೋಣ್ವಾ ಸ್ವಾಮಿ ಎಂದ, ಅಪ್ಪ ಆಯ್ತು ಎಂದರು. ಕೆಳಗೆ ಗಾರೆ, ಮೇಲೆ ಕಲ್ಲು. ನೆಲ ಒಂದು ಅಂಗೈಯಷ್ಟು ಮೇಲೆ ಬಂತು. ಗಾಜು ಮಾತ್ರ ಅಣ್ಣನ ನೆಲದಿಂದಲೇ ಲೆಕ್ಕ ಹಿಡಿದು ಕೂತಿದೆ.

"ಗಾಜನ್ನೇ ಮೇಲೆ ಸರಿಸು" ಎಂದೆ.

"ಸರಿಸಿದ್ರೆ ತೂತು ಕಾಂಕ್ರೀಟಿಗೆ ಬರಲ್ಲ, ಹೊಸ ಗಾರೆಗೆ ಬರತ್ತೆ. ಗಾರೆ ಹಿಡ್ಕೊಳಲ್ಲ. ಇನ್ನೊಂದು ತೂತು ಹಾಕೋಣ ಅಂದ್ರೆ ಗಾಜು ಪುಡಿ. ಇರ್ಲಿ ಬಿಡು, ಹೀಗೇ ಹಾಕ್ತೀನಿ, ಯಾರ್ ನೋಡ್ತಾರೆ?"

ಅತ್ತಿಗೆಯನ್ನು ಕರೆದು ಅಂಚಿನಿಂದ ಸ್ವಲ್ಪ ಹಿಂದೆ ನಿಲ್ಲಿಸಿ, ನಾನು ಟೇಪನ್ನು ಆ ಎತ್ತರಕ್ಕೆ ಹಿಡಿದೆ. ಅವರ ಸೊಂಟಕ್ಕಿಂತ ಕೆಳಗೆ ಬಂತು. ಅತ್ತಿಗೆ ಟೇಪನ್ನು ನೋಡಿದರು. ಗಾಳಿಯಲ್ಲಿ ಕೈ ಚಾಚಿ, ಮಗುವನ್ನು ಸೊಂಟದ ಮೇಲಿಟ್ಟುಕೊಂಡವರ ಹಾಗೆ ಒಂದು ಕಡೆ ವಾಲಿದರು.

"ಇದು ನಂಗೆ ಬೇಡ" ಎಂದರು. "ಹಿಡ್ಕೊಳೋಕೆ ಏನೂ ಇಲ್ಲ ಇದ್ರಲ್ಲಿ."


ಮಾರ್ಚ್ 17, ಸೋಮವಾರ

ಮನೆಯಲ್ಲಿ ಜಗಳ. ನಮ್ಮ ಮನೆಯ ಜಗಳಕ್ಕೆ ಸದ್ದಿಲ್ಲ. ಪಾತ್ರೆಗಳು ಇಡಬೇಕಾದ್ದಕ್ಕಿಂತ ಮೆಲ್ಲಗೆ ಇಡಲ್ಪಡುತ್ತವೆ, ಅಷ್ಟೇ. ಅಮ್ಮ ಅತ್ತಿಗೆಯ ಬಳಿ ನೇರ ಮಾತಾಡದೆ ಮಗುವಿನ ಬಳಿ ಆಡಿದಳು.

"ನಿಮ್ಮಪ್ಪ ತರ್ಸಿದ್ದು ಪುಟ್ಟಿ ಅದು. ನಿಂಗೆ ಅಂತ."

"ಅತ್ತೆ, ನಂಗೊತ್ತಿಲ್ವಾ" ಎಂದರು ಅತ್ತಿಗೆ. "ಆದ್ರೆ ಎತ್ತರ ಸಾಲ್ದು. ಇವಳು ನನ್ನ ಕೈಲಿದ್ದಾಗ ಒಂದ್ಸಲ ಹಿಂದಕ್ಕೆ ಚಿಮ್ಮಿದ್ರೆ?"

"ಅಂದ್ರೆ? ಅವನು ಅಳೆದಿದ್ದು ತಪ್ಪು ಅಂತೀಯಾ?"

ಅತ್ತಿಗೆ ಮಗುವಿನ ತಟ್ಟೆ ಹತ್ತಿರ ಎಳೆದುಕೊಂಡರು. ಅಪ್ಪ ಪೇಪರು ಮಡಿಸಿದರು. ಇಂಥ ಹೊತ್ತಿನಲ್ಲಿ ಏನಾದರೂ ಕೀಟಲೆ ಮಾಡಿ ಎಲ್ಲರನ್ನೂ ಬೈಯಿಸುವುದು ನನ್ನ ಇಲಾಖೆ. ಬಾಯಿ ತೆರೆದೆ. ತಮಾಷೆ ಬರಲಿಲ್ಲ. ಬಂದದ್ದು ಇದು:

"ಅಣ್ಣ ಸರಿಯಾಗೇ ಅಳೆದಿದ್ದಮ್ಮ. ಅವನು ಹೋದ ಮೇಲೆ ನೆಲ ಮೇಲೆ ಬಂತು."

ಅಮ್ಮ ಮಗುವಿನ ಕೆನ್ನೆಗೆ ಅಂಟಿದ್ದ ಅನ್ನದ ಅಗುಳನ್ನು ತೆಗೆದಳು. ತೆಗೆದ ಮೇಲೂ ಅಲ್ಲೇ ಒರೆಸುತ್ತಿದ್ದಳು.

ಬಹಳ ಪೇಲವ ಹೇಳಿಕೆ. ಸಚಿವರಿಗೆ ಶೋಭೆ ತರುವುದಿಲ್ಲ.


ಮಾರ್ಚ್ 20, ಗುರುವಾರ

ಅಂಗಡಿಗೆ ಅರ್ಧ ದಿನ ರಜೆ ಹೇಳಿ ನಾಳೆಯ ಶೆಡ್ಡಿನಲ್ಲಿ ಕೂತೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಾಲ್ಕನಿ ಬರೆದು ತೋರಿಸಿದೆ. ಅಣ್ಣನ ಗಾಜು ಅಣ್ಣ ಹೇಳಿದಲ್ಲೇ, ಹೊರಮುಖಕ್ಕೇ ಇರಲಿ. ಅದರ ಒಳಮಗ್ಗುಲಿಗೆ, ಹೊಸ ನೆಲದ ಮೇಲೆ, ಸ್ಟೀಲಿನ ಕಂಬಗಳು, ಕಲ್ಲನ್ನು ಕೊರೆದು ಕಾಂಕ್ರೀಟಿನವರೆಗೆ ಬೋಲ್ಟು ಇಳಿಸಿ. ಕಂಬಗಳ ತಲೆಯ ಮೇಲೆ ಒಂದು ದುಂಡು ಪೈಪು, ಅತ್ತಿಗೆಯ ಮೊಣಕೈ ಎತ್ತರಕ್ಕೆ. ಗಾಜಿಗೂ ಪೈಪಿಗೂ ನಡುವಿನ ಸಂದಿಯಲ್ಲಿ ಡಬ್ಬಿ ತೂರಬಾರದು.

"ಯಾವ ಡಬ್ಬಿ?" ಎಂದ ನಾಳೆ.

ತೋರಿಸಿದೆ. ತಿರುಗಿಸಿ ನೋಡಿ, "ತಲೆ ದೊಡ್ದು. ಬುದ್ಧಿವಂತೆ ಆಗ್ತಾಳೆ" ಎಂದ.

ಮೆಟ್ಟಿಲಿಗೆ ನೆಟ್ಟಗಿನ ಸರಳು, ಅಡ್ಡ ಸರಳು ಬೇಡ, ಅಡ್ಡವಿದ್ದರೆ ಮಕ್ಕಳು ಏಣಿ ಮಾಡಿಕೊಳ್ಳುತ್ತವೆ. ಗೋಡೆಯ ಕಡೆಗೆ ಇನ್ನೊಂದು ಸಣ್ಣ ಪೈಪು, ನನ್ನ ಮಂಡಿಗಿಂತ ಸ್ವಲ್ಪ ಮೇಲೆ.

"ಅಷ್ಟು ಕೆಳಗಾ? ಯಾರಿಗೆ, ಬೆಕ್ಕಿಗಾ?"

"ಅವಳ ಕೈಗೆ ಸಿಗ್ಬೇಕಲ್ಲ."

"ಮಕ್ಕಳು ಬೆಳೆಯಲ್ವೇನೋ? ಆಮೇಲೆ ಅದು ದಂಡ."

"ಆಮೇಲೆ ಬಿಚ್ಚೋಣ."

ಇಷ್ಟೆಲ್ಲ ಹೇಳಿ ಮುಗಿಸಿದಾಗ ಗೊತ್ತಾಯಿತು, ಅವನ ಟೂಲ್‌ಬಾಕ್ಸಿಗೆ ಬೀಗ ಹಾಕಿ ಕೀಲಿ ಬಚ್ಚಿಟ್ಟು ಸತಾಯಿಸಬೇಕೆಂದು ಬರುವಾಗ ಅಂದುಕೊಂಡಿದ್ದೆ, ಮರೆತೇಹೋಗಿದೆ.


ಮಾರ್ಚ್ 26, ಬುಧವಾರ

ನಾಳೆ ಇವತ್ತೂ ನಾಳೆ ಎಂದ. ಶೆಡ್ಡಿನಲ್ಲೇ ಕೂತೆ. ಸ್ಟೀಲ್ ಉಜ್ಜುವ ಸದ್ದಿನಲ್ಲಿ ಏನೂ ಯೋಚಿಸಲಾಗುವುದಿಲ್ಲ, ಅದು ಹಿತವಾಗಿತ್ತು. ಸಂಜೆ ಹೊತ್ತಿಗೆ ಅವನಿಗೇ ಬೇಜಾರಾಗಿ ಕಂಬಗಳನ್ನು ಬೆಸೆದ.

ಮನೆಗೆ ಬಂದರೆ ಅತ್ತಿಗೆ ಫೋನಿನಲ್ಲಿದ್ದರು. ಮದುವೆಗೆ ಮುಂಚೆ ಅವರು ತವರಿನ ಊರಿನಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿದ್ದರು. ಅಲ್ಲಿ ಮತ್ತೆ ಜಾಗ ಇದೆಯಂತೆ. "ಯೋಚನೆ ಮಾಡಿ ಹೇಳ್ತೀನಿ ಮೇಡಂ" ಎನ್ನುತ್ತಿದ್ದರು. ಅಮ್ಮ ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು.

"ರೇಲಿಂಗ್ ಆದ್ರೆ ಹೋಗಲ್ಲ ಅಲ್ವೇನೋ?" ಎಂದಳು ನನ್ನ ಬಳಿ. "ಅವರಪ್ಪ ಹಾಗೇ ಅಂದಿದ್ದು."

"ಹಾಗೇ ಅಂದಿದ್ದು."

"ಅವರಿಬ್ರೂ ಹೋದ್ರೆ ಈ ಮನೇಲಿ ಇನ್ನೇನು, ನಿಮ್ಮಪ್ಪನ ಕೆಮ್ಮು ಕೇಳ್ಕೊಂಡು ಕೂತ್ಕೋಬೇಕು."


ಮಾರ್ಚ್ 29, ಶನಿವಾರ

ಬೆಳಿಗ್ಗೆಯಿಂದ ರೇಲಿಂಗ್ ಕೂರಿಸಿದರು. ಮೆಟ್ಟಿಲಿನದು ಮಧ್ಯಾಹ್ನದೊಳಗೆ ಮುಗಿಯಿತು. ನಾಳೆ ಬಂದಿದ್ದ, ಅವನ ತಮ್ಮ ಬಂದಿದ್ದ, ನಾನು, ಮತ್ತು ಗಾಜು ಹಿಡಿಯಲು ಒಬ್ಬರು ಕಡಿಮೆ ಬಿದ್ದಾಗ ಅಪ್ಪ. ನೆಲ ಹಾಸಿದ ಮೇಲೆ ಅಪ್ಪ ಮಹಡಿ ಹತ್ತಿದ್ದು ಇದೇ ಮೊದಲು. ಕಲ್ಲನ್ನು ಚಪ್ಪಲಿಯಿಂದ ಒತ್ತಿ ನೋಡಿ, "ಇಷ್ಟು ದಪ್ಪಾನಾ?" ಎಂದರು.

ಮೂರು ಹಲಗೆ ಸರಿಯಾಗಿ ಕೂತವು. ನಾಲ್ಕನೆಯದನ್ನು ಎತ್ತುವಾಗ ನನ್ನ ಕಡೆಯ ಮೂಲೆ ಕಲ್ಲಿನ ಅಂಚಿಗೆ ತಾಗಿತು. ಜೋರಾಗಿ ಅಲ್ಲ. ಬಾಗಿಲಿಗೆ ಬಳೆ ತಾಗುವಷ್ಟು. ಕೈಯಲ್ಲಿ ಭಾರವಾದದ್ದೊಂದಿತ್ತು, ಮರುಗಳಿಗೆ ಇರಲಿಲ್ಲ. ಪಾದದ ಸುತ್ತ ಎಲ್ಲೆಲ್ಲೂ ಕಲ್ಲುಸಕ್ಕರೆ. ನಾವಿಬ್ಬರೂ ಖಾಲಿ ಕೈಗಳನ್ನು ಗಾಜು ಹಿಡಿದ ಹಾಗೆಯೇ ಹಿಡಿದುಕೊಂಡು ನಿಂತಿದ್ದೆವು, ನಾನು ಈ ಕಡೆ, ಅಪ್ಪ ಆ ಕಡೆ.

ಅಮ್ಮ ಓಡಿ ಬಂದಳು. ಈಗ ಅಳುತ್ತಾಳೆ, ಇಲ್ಲ ಬೈಯುತ್ತಾಳೆ ಎಂದು ಕಾದೆ. ಅವಳು ಗಾಜಿನ ಕಡೆ ನೋಡಲೇ ಇಲ್ಲ. ನನ್ನ ಅಂಗೈ ತಿರುಗಿಸಿ ನೋಡಿದಳು, ಆಮೇಲೆ ಅಪ್ಪನ ಕೈ.

"ಕೊಯ್ಕೊಂಡಿಲ್ಲ ತಾನೆ? ಅಲ್ಲಾಡ್ಬೇಡಿ ಇಬ್ರೂ. ಪೊರಕೆ ತರ್ತೀನಿ. ಹೋಗ್ಲಿ ಬಿಡೋ, ಗಾಜು ತಾನೆ."

ನನಗೆ ನಗು ಬಂತು. ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ನಗುತ್ತಾ ಕೂತೆ, ಗಾಜಿನ ಹರಳಿನ ಮೇಲೇ. ಅಪ್ಪ ನನ್ನ ಬೆನ್ನ ಮೇಲೆ ಕೈಯಿಟ್ಟು ತಟ್ಟುತ್ತಿದ್ದರು. ಅಷ್ಟು ನಗುವಂಥದ್ದೇನೂ ಆಗಿರಲಿಲ್ಲ. ಅಂಗಿಯ ತೋಳೆಲ್ಲ ಒದ್ದೆಯಾಗಿತ್ತು, ಬೆವರು ಇರಬೇಕು. ನಾಳೆಯ ತಮ್ಮ ನೀರು ತಂದುಕೊಟ್ಟ.

ಆ ಖಾಲಿ ಜಾಗಕ್ಕೆ ನೆಟ್ಟಗಿನ ಸರಳು ಹಾಕೋಣವೆಂದು ಅತ್ತಿಗೆ ಹೇಳಿದರು. ಮೆಟ್ಟಿಲಿನದರಲ್ಲಿ ಮಿಕ್ಕ ಸರಳಿದ್ದವು. ನಾಳೆ ದೀಪ ಹಚ್ಚುವ ಹೊತ್ತಿಗೆ ಬೆಸೆದು ಮುಗಿಸಿ, "ಮೂರು ಪಾಲು ಗಾಜು, ಒಂದು ಪಾಲು ಜೈಲು" ಎಂದ. ಆ ಮಾತು ನಾನು ಆಡಬೇಕಿತ್ತು.


ಮಾರ್ಚ್ 30, ಭಾನುವಾರ

ಬೀಗರು ಬಂದರು. ಕಾಫಿ ಮುಟ್ಟದೆ ನೇರ ಮೆಟ್ಟಿಲಿಗೆ ಹೋಗಿ ಒಂದೊಂದೇ ಸರಳನ್ನು ಹಿಡಿದು ಅಲ್ಲಾಡಿಸಿದರು. ಬಾಲ್ಕನಿಯ ಪೈಪಿನ ಮೇಲೆ ಮೈಭಾರ ಹಾಕಿದರು. ಗಾಜಿಗೆ ಬೆರಳ ಗೆಣ್ಣಿನಿಂದ ಬಡಿದರು. ಯಾವುದೂ ಅಲ್ಲಾಡಲಿಲ್ಲ. ಅವರಿಗೆ ಸ್ವಲ್ಪ ನಿರಾಸೆ ಆದಂತಿತ್ತು.

"ಇದೊಂದು ಕಡೆ ಮಾತ್ರ ಯಾಕೆ ಕಂಬಿ?"

"ಗಾಳಿಗೆ" ಎಂದೆ. ಅತ್ತಿಗೆ ನನ್ನ ಕಡೆ ನೋಡಿ ತುಟಿ ಬಿಗಿಹಿಡಿದರು.

ಕೆಳಗೆ ಕೂತ ಮೇಲೆ ಬೀಗರು, "ಸರಿ ಮತ್ತೆ. ಕೆಲಸ ಗಟ್ಟಿಯಾಗಿದೆ. ನಾನು ಅಂದ ಮಾತಿಗೆ ತಪ್ಪಲ್ಲ. ಏನಮ್ಮಾ, ಇಲ್ಲೇ ಇರ್ತೀಯಾ?" ಎಂದರು.

ಅಮ್ಮ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಅತ್ತಿಗೆ ಮಗುವಿನ ಕಾಲುಚೀಲ ಸರಿಮಾಡುತ್ತಾ ತಲೆಯೆತ್ತದೆ ಹೇಳಿದರು. "ಬರ್ತೀನಪ್ಪಾ. ಲ್ಯಾಬಿನವರಿಗೂ ಹೇಳಿದೀನಿ. ಇಲ್ಲಿ ದಿನಾ ಬಾಗಿಲ ಕಡೆ ನೋಡ್ಕೊಂಡು ಕೂತಿರ್ತೀನಿ ನಾನು, ಅವರು ಕೆಲಸ ಮುಗ್ಸಿ ಬರ್ತಾರೇನೋ ಅಂತ. ಹಾಗಿರೋಕಾಗಲ್ಲ." ಆಮೇಲೆ ಅಮ್ಮನ ಕಡೆ ತಿರುಗಿದರು. "ಆದ್ರೆ ಈಗ್ಲೇ ಅಲ್ಲ ಅತ್ತೆ. ಅಲ್ಲಿ ನಮ್ಮ ರೂಮು ಮಹಡಿ ಮೇಲೆ. ನಮ್ಮಮ್ಮಂಗೆ ಮಂಡಿ ನೋವು, ನಾನು ಕೆಲಸಕ್ಕೆ ಹೋದಾಗ ಇವಳನ್ನ ಎತ್ಕೊಂಡು ಹತ್ತಿ ಇಳಿಯೋಕಾಗಲ್ಲ. ಇವಳು ಮೆಟ್ಟಿಲು ತಾನೇ ಇಳಿಯೋದು ಕಲೀಲಿ. ಅಲ್ಲೀತನಕ ಇಲ್ಲೇ ಇರ್ತೀನಿ."

ಬೀಗರು ಆಗ ಕಾಫಿ ಕುಡಿದರು. ಆರಿಹೋಗಿತ್ತು.

ರೇಲಿಂಗಿನಿಂದ ಏನೂ ತೀರ್ಮಾನವಾಗಲಿಲ್ಲ ಎಂದು ಸಚಿವಾಲಯ ವಿಷಾದದಿಂದ ದಾಖಲಿಸುತ್ತದೆ.


ಏಪ್ರಿಲ್ 3, ಗುರುವಾರ

ಮನೆಯಲ್ಲಿ ಗುಪ್ತ ಯೋಜನೆಯೊಂದು ಜಾರಿಗೆ ಬಂದಿದೆ. ಯಾರೂ ಘೋಷಿಸಿಲ್ಲ. ಅಧ್ಯಕ್ಷರ ಪಾದ ಮೆಟ್ಟಿಲಿಗೆ ತಾಗಬಾರದು. ಮೇಲೆ ಹೋಗಬೇಕೆಂದು ಕೈ ಚಾಚಿದರೆ ಅಮ್ಮ ಎತ್ತಿಕೊಂಡು ಹೋಗುತ್ತಾಳೆ, ಕೆಳಗೆ ಎಂದರೆ ಅಪ್ಪ ಎತ್ತಿಕೊಂಡು ಬರುತ್ತಾರೆ. ಅಪ್ಪನ ಸೊಂಟ ನೋವು ಏನಾಯಿತೆಂದು ಕೇಳಿದೆ. "ಯಾವ ಸೊಂಟ ನೋವು?" ಎಂದರು.

ರೇಲಿಂಗ್ ಆದ ಮೇಲೂ ಇಸ್ತ್ರಿ ಮೇಜು ಮೆಟ್ಟಿಲಿಗೆ ಅಡ್ಡ ಇದೆ. ನಾನೂ ತೆಗೆದಿಲ್ಲ.

ಅತ್ತಿಗೆಗೆ ಎಲ್ಲ ಕಾಣುತ್ತದೆ. ಏನೂ ಹೇಳುವುದಿಲ್ಲ.


ಏಪ್ರಿಲ್ 9, ಬುಧವಾರ

ಅಂಗಡಿಯಿಂದ ಬೇಗ ಬಂದೆ. ಹಾಲಿನಲ್ಲಿ ಯಾರೂ ಇರಲಿಲ್ಲ. ಅತ್ತಿಗೆ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದರು, ಅಮ್ಮ ಮಗು ಮಲಗಿದೆ ಎಂದುಕೊಂಡು ಅಪ್ಪನ ಜೊತೆ ದಿನಸಿ ತರಲು ಹೋಗಿದ್ದಳು. ಮಗು ಮಲಗಿರಲಿಲ್ಲ. ಇಸ್ತ್ರಿ ಮೇಜಿನ ಪಕ್ಕದ ಸಂದಿಯಲ್ಲಿ ನುಸುಳಿ ಹೋಗಿತ್ತು. ಹತ್ತುವುದು ಅವಳಿಗೆ ಹೇಗೋ ಬಂದುಬಿಟ್ಟಿದೆ. ಮೆಟ್ಟಿಲ ನಡುಮಧ್ಯದಲ್ಲಿ ನಿಂತು ಒಂದು ಸರಳನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು.

ಕಿರುಚುತ್ತಿರಲಿಲ್ಲ. ಅತ್ತು ಅತ್ತು ದನಿ ಮುಗಿದುಹೋಗಿತ್ತು. ಬಾಯಿ ತೆರೆದಿತ್ತು, ಸದ್ದಿಲ್ಲ. ಮೇಲೆ ನೋಡಿದಳು, ಕೆಳಗೆ ನೋಡಿದಳು. ಕಾಲು ಕೆಳಗಿಡಲು ಹೋಗಿ ಮತ್ತೆ ತೆಗೆದುಕೊಂಡಳು. ಸರಳು ಗಟ್ಟಿ, ಬೀಳುವ ಹಾಗಿಲ್ಲ. ಬೀಳುವ ಹಾಗಿಲ್ಲ, ಅಷ್ಟೇ.

ನಾನು ಹೋಗಿ ಎತ್ತಿಕೊಳ್ಳಲಿಲ್ಲ. ಯಾಕೆಂದು ಗೊತ್ತಿಲ್ಲ. ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತೆ. ಅವಳು ಸರಳು ಬಿಟ್ಟು ನನ್ನ ಕಿವಿ ಹಿಡಿದುಕೊಂಡಳು. ಹಾಗೇ ಕೂತಿದ್ದೆವು, ಅತ್ತಿಗೆ ಒದ್ದೆ ಕೈಯಲ್ಲಿ ಬರುವವರೆಗೆ.

ಇಸ್ತ್ರಿ ಮೇಜನ್ನು ಎತ್ತಿ ಅದರ ಜಾಗಕ್ಕೆ ಇಟ್ಟೆ.


ಏಪ್ರಿಲ್ 13, ಭಾನುವಾರ

ಇಳಿಯುವ ವಿಧಾನ: ಹಿಂದುಮುಂದಾಗಿ ತಿರುಗಿ, ಹೊಟ್ಟೆ ಮೆಟ್ಟಿಲಿಗೆ ಒತ್ತಿ, ಕಾಲಿನಿಂದ ಕೆಳಗಿನದನ್ನು ಹುಡುಕುವುದು. ಮೊದಲು ನಾನು ಮಾಡಿ ತೋರಿಸಬೇಕಾಯಿತು. ಅಂಗಿಯ ಗುಂಡಿ ಕಿತ್ತುಹೋಯಿತು. ಅವಳಿಗೆ ಬಹಳ ನಗು. ನಾನು ಮಾಡಿದ್ದನ್ನೇ ಇನ್ನೊಮ್ಮೆ ಮಾಡು ಅಂತ ಕೈ ತೋರಿಸುತ್ತಾಳೆ, ತಾನು ಮಾಡುವುದಿಲ್ಲ. ಕೊನೆಗೆ ಒಂದು ಮೆಟ್ಟಿಲು ಇಳಿದು ಕೂತಳು, ಏನೋ ದೊಡ್ಡ ಕೆಲಸ ಮುಗಿಸಿ ಬಂದವರ ಹಾಗೆ.

ಅಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

"ಯಾಕೋ ನಿಂಗಿಷ್ಟು ಅವಸರ? ಕಲಿಯತ್ತೆ ತಾನಾಗೇ."

"ಅವಸರ ಅಲ್ಲಮ್ಮ."

"ಮತ್ತೇನು? ಕಳಿಸಿಬಿಡ್ಬೇಕು ಅಂತಿದೀಯಾ?"

"ಮಧ್ಯದಲ್ಲಿ ನಿಂತ್ಬಿಟ್ಟಿದ್ಲಮ್ಮ ಅವತ್ತು. ಮೇಲೂ ಹೋಗೋಕಾಗ್ದೆ, ಕೆಳಗೂ ಬರೋಕಾಗ್ದೆ. ನೀನು ನೋಡಿಲ್ಲ."

ಅಮ್ಮ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಹಳೆಯ ಕಂಬಳಿ ತಂದು ಕೊನೆಯ ಮೆಟ್ಟಿಲ ಬುಡದಲ್ಲಿ ಮಡಿಸಿ ಹಾಸಿದಳು. "ಬಿದ್ರೆ ಇರ್ಲಿ" ಎಂದಳು. ನನ್ನ ಮುಖ ನೋಡಲಿಲ್ಲ.


ಏಪ್ರಿಲ್ 22, ಮಂಗಳವಾರ

ಈಗ ನಿಂತುಕೊಂಡೇ ಇಳಿಯುತ್ತಾಳೆ. ಗೋಡೆಯ ಕಡೆಯ ಸಣ್ಣ ಪೈಪು ಹಿಡಿದು, ಏಡಿಯ ಹಾಗೆ ಅಡ್ಡಡ್ಡ. ಅರ್ಧಕ್ಕೆ ಬಂದು ನನ್ನನ್ನು ಕೂಗುತ್ತಾಳೆ, ಚಿಕ್ಕಪ್ಪ ಅನ್ನಲು ಬರುವುದಿಲ್ಲ, "ಚಿಪ್ಪಾ" ಎನ್ನುತ್ತಾಳೆ. ನಾಳೆ ದಾರಿಯಲ್ಲಿ ಸಿಕ್ಕಿ, ಬೆಕ್ಕಿನ ಪೈಪು ಹೇಗಿದೆ ಎಂದ. ಬಳಕೆಯಲ್ಲಿದೆ ಎಂದೆ.

ಇವತ್ತು ಮಧ್ಯಾಹ್ನ ಊಟದ ರುಚಿ ಗೊತ್ತಾಯಿತು. ಉಪ್ಪು ಜಾಸ್ತಿಯಾಗಿತ್ತು. ಹೇಳಿದೆ. ಅಮ್ಮ, "ತಿಂಗಳಿಂದ ಹೀಗೇ ಹಾಕ್ತಿದೀನಿ, ಇವತ್ತು ಗೊತ್ತಾಯ್ತಾ?" ಎಂದು ಬೈದಳು.


ಏಪ್ರಿಲ್ 27, ಭಾನುವಾರ

ಬೆಳಿಗ್ಗೆ ಎಲ್ಲರೂ ಕೆಳಗಿದ್ದೆವು. ಮೇಲೆ ಮಲಗಿದ್ದ ಮಗು ಎದ್ದ ಸದ್ದು ಬಂತು. ಅತ್ತಿಗೆ ಎದ್ದರು. ನಾನು ಹೋಗ್ತೀನಿ ಎಂದೆ. ಮೆಟ್ಟಿಲ ತುದಿಗೆ ಹೋಗಿ ಅವಳ ಪಕ್ಕ ನಿಂತೆ. ಅವಳು ಪೈಪು ಹಿಡಿದಳು, ನಾನು ಜೊತೆಗೆ ಇಳಿದೆ, ಒಂದು ಮೆಟ್ಟಿಲು ಮುಂದಾಗಿ, ಕೈ ಹಿಂದೆ ಕಟ್ಟಿಕೊಂಡು. ನಡುವೆ ಒಂದು ಕಡೆ ನಿಂತಳು. ಕೆಳಗೆ ನೋಡಿದಳು. ನಾನು ಕಾದೆ. ಮತ್ತೆ ಕಾಲಿಟ್ಟಳು.

ಕೊನೆಯ ಮೆಟ್ಟಿಲು ಇಳಿದು ಕಂಬಳಿಯ ಮೇಲೆ ನಿಂತಳು. ಅಪ್ಪನ ಕೈಯಲ್ಲಿ ಕಾಫಿ ಲೋಟ ಇತ್ತು.

ಅಮ್ಮ ಮೊದಲು ಬಾಯಿ ಬಿಟ್ಟಳು. "ಕೈ ಹಿಡ್ಕೊಂಡಿದ್ದ ಇವನು. ನಾನು ನೋಡ್ದೆ. ಇದು ಲೆಕ್ಕಕ್ಕಿಲ್ಲ."

ಅಪ್ಪ, "ಹೌದು, ಹಿಡಿದ ಹಾಗಿತ್ತು" ಎಂದರು. ಅವರು ಕೂತಲ್ಲಿಗೆ ಮೆಟ್ಟಿಲು ಕಾಣುವುದಿಲ್ಲ.

ಅತ್ತಿಗೆ ನನ್ನ ಕಡೆ ನೋಡಿದರು. ಅವರಿಗೂ ಅವಸರ ಇದ್ದಂತಿರಲಿಲ್ಲ. ನಾನು ಹೂಂ ಎಂದಿದ್ದರೆ ಅವರು ಹಾಗೇ ಒಪ್ಪಿಕೊಳ್ಳುತ್ತಿದ್ದರು, ಮುಂದಿನ ವಾರಕ್ಕೆ, ಅದರ ಮುಂದಿನ ವಾರಕ್ಕೆ. ಸುಳ್ಳು ಹೇಳುವಾಗ ಮುಖ ಹೇಗಿಟ್ಟುಕೊಳ್ಳಬೇಕೆಂದು ಈ ಮನೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆ ಮುಖವನ್ನು ಇಟ್ಟುಕೊಂಡೂ ಇದ್ದೆ.

"ಇಲ್ಲ ಅತ್ತಿಗೆ" ಎಂದೆ. "ನಾನು ಹಿಡ್ಕೊಂಡಿರ್ಲಿಲ್ಲ. ತಾನೇ ಇಳಿದ್ಲು."

ಅತ್ತಿಗೆ ತಲೆಯಾಡಿಸಿದರು. ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು, ಅಪ್ಪ ಲೋಟವನ್ನು ಕೆಳಗಿಟ್ಟರು. ಯಾರಿಗೆ ಏನು ಹೇಳಬೇಕೆಂದು ತೋಚದೆ ನಾಲ್ವರೂ ಅವಳನ್ನೇ ನೋಡಿದೆವು. ಅವಳು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, ಯಾರ ಹತ್ತಿರವೂ ಬರದೆ, ತಿರುಗಿ ಪೈಪು ಹಿಡಿದು ಮತ್ತೆ ಹತ್ತತೊಡಗಿದಳು.

ನಾನು ಹಿಂದೆ ಹೋಗಲಿಲ್ಲ.